ರೈಲು ದೆಹಲಿಯದು, ರಸ್ತೆ ಬೆಂಗಳೂರಿನದು

ಪೌರನೀತಿ ಪಾಠ ಹೇಳುವಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಹೈಸ್ಕೂಲು ಟೀಚರ್ ಆದವಳಿಗೆ ಸಿಟ್ಟು ಬರಲು ನೂರು ಕಾರಣ ಇರುತ್ತವೆ, ಆದರೆ ಇದು ಬೇರೆ. ಕೇಂದ್ರದ ಪಟ್ಟಿ, ರಾಜ್ಯದ ಪಟ್ಟಿ, ಇಬ್ಬರಿಗೂ ಸೇರಿದ ಪಟ್ಟಿ ಎಂದು ಬೋರ್ಡಿನ ಮೇಲೆ ಗೆರೆ ಎಳೆದು, ಒಂದು ಕಡೆ ರೈಲು, ಇನ್ನೊಂದು ಕಡೆ ರಸ್ತೆ ಎಂದು ಬರೆಯುವಷ್ಟರಲ್ಲಿ ಸೀಮೆಸುಣ್ಣ ಮುರಿದಿರುತ್ತಿತ್ತು. ಹುಡುಗಿಯರು ಮುಸಿಮುಸಿ ನಗುತ್ತಿದ್ದರು. ನಗಲಿ ಬಿಡಿ, ಪಾಪ. ಆ ಗೆರೆ ನೆಲದ ಮೇಲೆ ಹೇಗಿರುತ್ತದೆಂದು ಅವರೇನು ಕಂಡಿದ್ದರೇ? ನಾನು ಕಂಡಿದ್ದೆ. ಅದು ನಮ್ಮೂರ ಪಕ್ಕದಲ್ಲೇ ಇತ್ತು.

ನಮ್ಮೂರು ದೊಡ್ಡಬಳ್ಳಾಪುರದಿಂದ ಘಾಟಿಯ ಕಡೆಗೆ ಹೋಗುವಾಗ ರೈಲು ಹಳಿಗೆ ಅಂಟಿಕೊಂಡಂತಿರುವ ಊರು. ಮನೆಗಳೆಲ್ಲ ಹಳಿಯ ಈಚೆ, ಹೊಲ ಮತ್ತು ಹಿಪ್ಪುನೇರಳೆ ತೋಟಗಳೆಲ್ಲ ಆಚೆ. ಮೊದಲೆಲ್ಲ ಗಾಡಿಗಳು ಹಳಿಯ ಕೆಳಗಿನ ಮೋರಿಯಲ್ಲಿ ನುಸುಳಿ ಹೋಗುತ್ತಿದ್ದವು. ಮಳೆನೀರು ಹರಿಯಲೆಂದು ಕಟ್ಟಿದ ಕಲ್ಲಿನ ಕಮಾನು ಅದು. ಗಾಡಿ ಹೊಡೆಯುವವನು ಒಂದಿಷ್ಟು ತಲೆ ತಗ್ಗಿಸಬೇಕಾಗಿತ್ತು, ಅಷ್ಟೇ. ಮೇಲೆ ರೈಲು, ಕೆಳಗೆ ನಾವು. ಒಬ್ಬರ ಗೊಡವೆ ಇನ್ನೊಬ್ಬರಿಗೆ ಇರಲಿಲ್ಲ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ನಮಗೆ ರಸ್ತೆ ಬಂತು. ರಾಜ್ಯ ಸರ್ಕಾರದ ರಸ್ತೆ, ಜಲ್ಲಿ ಹಾಕಿ ರೋಲರ್ ಓಡಿಸಿದ್ದು. ಊರೆಲ್ಲ ನಿಂತು ನೋಡಿತು. ಆದರೆ ಆ ರಸ್ತೆಯನ್ನು ಹಳಿಯ ಎತ್ತರಕ್ಕೆ ಏರಿಸಿಕೊಂಡು ಬಂದು, ರೈಲ್ವೆಯ ಗಡಿಕಲ್ಲಿನ ಹತ್ತಿರ ಚಾಕುವಿನಲ್ಲಿ ಕತ್ತರಿಸಿದ ಹಾಗೆ ನಿಲ್ಲಿಸಿಬಿಟ್ಟರು. ಆಚೆ ಬದಿಯ ಗಡಿಕಲ್ಲಿನಿಂದ ಮತ್ತೆ ರಸ್ತೆ ಶುರು. ನಡುವೆ, ಹಳಿಯ ಎರಡು ಪಕ್ಕದ ನೆಲ ಹಾಗೆಯೇ ಉಳಿಯಿತು. ಬರೀ ಜೇಡಿಮಣ್ಣು, ಮಳೆ ಬಿದ್ದಾಗ ಕಾಲು ಹಿಡಿದರೆ ಬಿಡದು. ಸಾಲದ್ದಕ್ಕೆ ರಸ್ತೆಯ ಚರಂಡಿ ನೀರನ್ನೆಲ್ಲ ಮೋರಿಗೆ ತಿರುಗಿಸಿದರು. ಒಂದೇ ಮಳೆಗಾಲದಲ್ಲಿ ಮೋರಿ ಹೂತುಹೋಯಿತು. ಹೊಸ ದಾರಿ ಪೂರ್ತಿಯಾಗಲಿಲ್ಲ, ಹಳೆಯ ದಾರಿ ಉಳಿಯಲಿಲ್ಲ.

ಬೇರೆಯವರಿಗೆ ಇದು ತೊಂದರೆ. ನಮ್ಮ ಮನೆಗೆ ಮಾತ್ರ ಭಯ. ಯಾಕೆಂದರೆ ದಿನಾ ಆಚೆಯಿಂದ ಗಾಡಿಯಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ತರುತ್ತಿದ್ದವನು ನಮ್ಮ ಚಿಕ್ಕಪ್ಪ, ಮತ್ತು ಚಿಕ್ಕಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ.

ಹುಟ್ಟುಕಿವುಡನಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರ ಕಿವಿ ಎರಡನ್ನೂ ತೆಗೆದುಕೊಂಡು ಹೋಗಿತ್ತು. ಅಷ್ಟು ಹೊತ್ತಿಗೆ ಕಲಿತಿದ್ದ ನಾಲ್ಕು ಮಾತು ಮಾತ್ರ ಬಾಯಲ್ಲಿ ಉಳಿದಿದ್ದವು. ಅವನ್ನೇ ಜೋರಾಗಿ, ಎಲ್ಲರೂ ಬೆಚ್ಚುವ ಹಾಗೆ ಆಡುತ್ತಿದ್ದ. ಮದುವೆಯಾಗಲಿಲ್ಲ. ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅವನೇ. ಹಳಿ ದಾಟಲು ಅವನದೇ ಒಂದು ಕ್ರಮ ಇತ್ತು. ಗಡಿಕಲ್ಲಿನ ಹತ್ತಿರ ಗಾಡಿ ನಿಲ್ಲಿಸಿ, ಇಳಿದು ಹೋಗಿ, ಹಳಿಯ ಮೇಲೆ ಅಂಗೈ ಊರಿ ಕೂರುತ್ತಿದ್ದ. ರೈಲು ಇನ್ನೂ ಕಣ್ಣಿಗೆ ಬೀಳುವ ಮುಂಚೆಯೇ ಕಬ್ಬಿಣ ನಡುಗುವುದು ಅವನ ಕೈಗೆ ಗೊತ್ತಾಗುತ್ತಿತ್ತು. ಕೆನ್ನೆ ಉಬ್ಬಿಸಿ ತೋರಿಸಿದರೆ ಗೂಡ್ಸು, ಬರೀ ಹುಬ್ಬು ಹಾರಿಸಿದರೆ ಪ್ಯಾಸೆಂಜರ್. ನೂರಕ್ಕೆ ನೂರು ಸರಿ ಇರುತ್ತಿತ್ತು. ಅಜ್ಜಿಗೆ ಮಾತ್ರ ನಂಬಿಕೆಯಿಲ್ಲ.

“ಅಲ್ಲೊಂದು ಗೇಟು ಹಾಕ್ಸೋ,” ಎಂದು ಅಪ್ಪನ ಪ್ರಾಣ ತಿನ್ನುತ್ತಿದ್ದಳು. “ಅವನು ದಾಟೋವಾಗೆಲ್ಲಾ ನನ್ನ ಜೀವ ಬಾಯಿಗೆ ಬರ್ತದೆ. ನಾನು ಕಣ್ಮುಚ್ಚೋದ್ರೊಳಗೆ ಹಾಕ್ಸು.”

“ಹಾಕಿಸ್ತೀನಿ ಇರವ್ವ. ನಾನೇನು ರೈಲ್ವೆ ಮಂತ್ರೀನಾ?” ಎಂದು ಅಪ್ಪ ರೇಗುತ್ತಿದ್ದ. ರೇಗಿದವನು ಮಾರನೆಯ ಬೆಳಿಗ್ಗೆ ಬಿಳಿ ಪಂಚೆ ಉಟ್ಟು ಹೊರಡುತ್ತಿದ್ದ. ಕಾಲೇಜು ಓದುತ್ತಿದ್ದ ನನಗೆ ಇಂಗ್ಲಿಷ್ ಬರುತ್ತದೆಂದು ಜೊತೆಗೆ ಕರೆದುಕೊಳ್ಳುತ್ತಿದ್ದ. ಬರುತ್ತಿದ್ದ ಇಂಗ್ಲಿಷ್ ಎಷ್ಟೆಂದು ನನಗೇ ಗೊತ್ತಿತ್ತು.

ನಮ್ಮ ಶಾಸಕರು ಮರ್ಯಾದೆಯಿಂದಲೇ ಕೂರಿಸಿದರು, ಕಾಫಿ ಕೊಟ್ಟರು. “ರಸ್ತೆ ಕೇಳಿದ್ರಿ, ಮಾಡಿಸ್ಕೊಟ್ಟೆ. ರೈಲು ದೆಹಲೀದು ಯಜಮಾನ್ರೇ. ಅದಕ್ಕೆ ನಾನು ಕೈ ಹಾಕೋ ಹಂಗಿಲ್ಲ. ಎಂಪಿ ಸಾಹೇಬರನ್ನ ನೋಡಿ,” ಎಂದರು. ಎಂಪಿಯವರನ್ನು ಹಿಡಿಯುವುದಕ್ಕೆ ಒಂದು ಬೇಸಿಗೆ ಕಳೆಯಿತು. ಅವರೂ ಒಳ್ಳೆಯವರೇ. “ರೈಲ್ವೆ ತಾನಾಗೇ ಗೇಟು ಹಾಕಲ್ಲ. ರಸ್ತೆ ಯಾರದೋ ಅವರು ಕೇಳ್ಬೇಕು, ಖರ್ಚು ಅವರು ಹೊರಬೇಕು. ರಾಜ್ಯ ಸರ್ಕಾರದಿಂದ ಬರಲಿ, ಉಳಿದದ್ದು ನನಗೆ ಬಿಡಿ,” ಎಂದರು. ಮತ್ತೆ ಶಾಸಕರ ಮನೆ. ರಾಜ್ಯ ಬರೆಯಬೇಕಾದರೆ ಮೊದಲು ರೈಲ್ವೆಯವರು ಜಾಗ ನೋಡಿ ಆಗಬಹುದು ಅನ್ನಬೇಕಂತೆ. ರೈಲ್ವೆಯವರು ಜಾಗ ನೋಡಲು ಬರಬೇಕಾದರೆ ರಾಜ್ಯ ಬರೆಯಬೇಕಂತೆ. ರೈಲ್ವೆಯ ದೊಡ್ಡ ಕಛೇರಿ ಬೇರೆ ಮದರಾಸಿನಲ್ಲಿ. ಬಸ್ಸಿನಲ್ಲಿ ಹಿಂದಿರುಗುವಾಗ ಅಪ್ಪ ಕಿಟಕಿಯ ಕಡೆ ಮುಖ ಮಾಡಿಕೊಂಡು, “ಇವರಿಬ್ರೂ ಸೇರ್ಕೊಂಡು ನಮ್ಮನ್ನ ಚೆಂಡಾಡ್ತಾ ಅವ್ರೆ ಕಣಮ್ಮ,” ಎಂದ. ಅವನ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

ಒಂದು ದಿನ ಅವನಿಗೆ ತಲೆ ಕೆಟ್ಟಿತು. ಗೇಟು ಹಾಳಾಗಲಿ, ಆ ಜೇಡಿಮಣ್ಣಿಗೆ ಜಲ್ಲಿಯನ್ನಾದರೂ ನಾವೇ ತುಂಬೋಣ ಎಂದು ಊರಿನವರನ್ನು ಕಟ್ಟಿಕೊಂಡು ಗಾಡಿಗಳಲ್ಲಿ ಕಲ್ಲು ಹೇರಿಸಿದ. ಅರ್ಧ ದಿನದ ಕೆಲಸ. ಮೊದಲ ಬುಟ್ಟಿ ಸುರಿಯುವಷ್ಟರಲ್ಲಿ ಹಳಿ ಕಾಯುವ ಗ್ಯಾಂಗ್‌ಮನ್ ಓಡಿ ಬಂದ. ತಮಿಳು ಕಡೆಯವನು, ನಮ್ಮ ಜಗಲಿಯಲ್ಲಿ ಎಷ್ಟೋ ಸಲ ಮಜ್ಜಿಗೆ ಕುಡಿದವನು.

“ಅಯ್ಯಾ, ಬೇಡ ಅಯ್ಯಾ! ಇದು ರೈಲ್ವೆ ಜಾಗ. ಒಂದು ಕಲ್ಲು ಬಿದ್ದರೂ ನನ್ ಕೆಲ್ಸ ಹೋಗ್ತದೆ. ನಿಮ್ಮನ್ನೂ ಎಳ್ಕೊಂಡು ಹೋಗ್ತಾರೆ.”

“ನೀವೂ ಹಾಕಲ್ಲ, ನಮಗೂ ಬಿಡಲ್ಲ. ಇದೇನಪ್ಪಾ ನಿಮ್ಮ ನ್ಯಾಯ?”

“ನ್ಯಾಯ ನನಗೆ ತಿಳಿಯಲ್ಲ ಅಯ್ಯಾ. ನನಗೆ ಮಕ್ಕಳವ್ರೆ,” ಎಂದು ಅವನು ಕೈ ಮುಗಿದ. ಚಿಕ್ಕಪ್ಪ ಇಬ್ಬರ ಬಾಯಿಯನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದ. ಆಮೇಲೆ ತಾನೇ ಬಗ್ಗಿ, ಸುರಿದ ಕಲ್ಲನ್ನೆಲ್ಲ ಬುಟ್ಟಿಗೆ ವಾಪಸ್ಸು ತುಂಬಿದ.

ಹೀಗಿರುವಾಗ ನಮ್ಮ ರಾಜ್ಯದ ಸರ್ಕಾರ ಬಿದ್ದುಹೋಯಿತು. ಯುಗಾದಿಯ ಆಸುಪಾಸು. ರಾಷ್ಟ್ರಪತಿ ಆಳ್ವಿಕೆ ಬಂತೆಂದು ಕಾಫಿ ಹೋಟೆಲಿನ ರೇಡಿಯೋದಲ್ಲಿ ಕೇಳಿದ ಅಪ್ಪ ಓಡುನಡಿಗೆಯಲ್ಲಿ ಮನೆಗೆ ಬಂದ. ಮುಖವೆಲ್ಲ ಅರಳಿತ್ತು.

“ಅವ್ವಾ, ನಮ್ಮ ಕೆಲ್ಸ ಆಯ್ತು ಅಂತ್ಲೇ ತಿಳ್ಕೊ! ರೈಲೂ ದೆಹಲೀದು, ಈಗ ರಾಜ್ಯಾನೂ ದೆಹಲೀದು. ಇವನು ಅವನಿಗೆ ಬರೀಬೇಕು, ಅವನು ಇವನಿಗೆ ಬರೀಬೇಕು ಅನ್ನೋ ರಗಳೆ ಇನ್ನಿಲ್ಲ. ಎಲ್ಲಾ ಒಂದೇ ಮನೆ!”

ಊರಿನಲ್ಲಿ ಎಲ್ಲರಿಗೂ ಇದು ಸರಿಯೆನಿಸಿತು. ನನಗೂ ಅನಿಸಿತು, ಕಾಲೇಜಿನಲ್ಲಿ ಅದನ್ನೇ ಓದುತ್ತಿದ್ದವಳಿಗೆ. ಅಣ್ಣತಮ್ಮಂದಿರ ಜಗಳದಲ್ಲಿ ತಂದೆಯೇ ಬಂದು ಕೂತ ಮೇಲೆ ಇನ್ನೇನು? ಅಪ್ಪ ಚಿಕ್ಕಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡು, ತನ್ನ ತೋಳನ್ನು ಎತ್ತಿ ನಿಧಾನಕ್ಕೆ ಅಡ್ಡಕ್ಕೆ ಇಳಿಸಿ ತೋರಿಸಿದ. ಗೇಟು. ಚಿಕ್ಕಪ್ಪನಿಗೆ ತಕ್ಷಣ ತಿಳಿಯಿತು. ಗಹಗಹಿಸಿ ನಕ್ಕು, ತಾನೂ ತೋಳನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ ಅಂಗಳದಲ್ಲೆಲ್ಲ ಓಡಾಡಿದ. ಅಜ್ಜಿ ಅಂದು ಪಾಯಸ ಮಾಡಿಸಿದಳು.

ಬೆಂಗಳೂರಿನಲ್ಲಿ ನಮ್ಮನ್ನು ಕಂಡ ಅಧಿಕಾರಿ ಕೆಟ್ಟ ಮನುಷ್ಯನಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈದುಕೊಂಡು ಬರಬಹುದಾಗಿತ್ತು. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. “ನೀವು ಹೇಳೋದು ನ್ಯಾಯವೇ. ಆದರೆ ಈಗ ಚುನಾಯಿತ ಸರ್ಕಾರ ಇಲ್ಲ. ಹೊಸ ಕೆಲಸ ಯಾವುದನ್ನೂ ಒಪ್ಪಿಕೊಳ್ಳೋದು ಬೇಡ ಅಂತ ಇದೆ. ನಡೆಯೋದನ್ನ ನಡೆಸಿಕೊಂಡು ಹೋಗ್ತೀವಿ, ಅಷ್ಟೆ. ಮಂತ್ರಿಮಂಡಲ ಬರಲಿ.”

“ಈಗ ನೀವೂ ದೆಹಲಿಯೋರೇ ಅಲ್ವಾ ಸ್ವಾಮಿ? ರೈಲ್ವೆನೂ ದೆಹಲಿಯೋರೇ.”

ಅಧಿಕಾರಿ ನಕ್ಕರು. ಗೇಲಿಯ ನಗುವಲ್ಲ, ಸುಸ್ತಾದ ನಗು. “ದೆಹಲಿ ಅನ್ನೋದು ಒಂದು ಮನೆ ಅಲ್ಲ ಯಜಮಾನ್ರೇ. ರೈಲು ನಡೆಸೋರು ಬೇರೆ, ನಮ್ಮನ್ನ ನಡೆಸೋರು ಬೇರೆ. ಅವರಿಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಗೊತ್ತಿರಲ್ಲ. ಅಲ್ಲಿ ಏನಾದ್ರೂ ಅನಾಹುತ ಆಗಿದೆಯಾ?”

“ಆಗಬಾರ್ದು ಅಂತಾನೇ ಬಂದಿದ್ದು ಸ್ವಾಮಿ.”

“ಆಗಿಲ್ಲ ಅಂದ್ಮೇಲೆ ತುರ್ತು ಅನ್ನೋ ಹಾಗಿಲ್ಲವಲ್ಲ,” ಎಂದರು ಅವರು.

ಬಸ್ಸಿಳಿದಾಗ ಚಿಕ್ಕಪ್ಪ ಗಾಡಿ ಕಟ್ಟಿಕೊಂಡು ಕಾಯುತ್ತಿದ್ದ. ನಮ್ಮನ್ನು ಕಂಡವನೇ ತೋಳೆತ್ತಿ ಅಡ್ಡಕ್ಕೆ ಇಳಿಸಿದ. ಏನಾಯ್ತು ಎಂಬ ಪ್ರಶ್ನೆ. ಅಪ್ಪ ಬರುತ್ತೆ ಎಂದು ತಲೆಯಾಡಿಸಿದ. ಅಲ್ಲಿಂದ ಮುಂದೆ ದಿನಾ ಸಾಯಂಕಾಲ ಚಿಕ್ಕಪ್ಪ ಅದನ್ನೇ ಕೇಳುವನು, ಅಪ್ಪ ತಲೆಯಾಡಿಸುವನು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ, ಎದ್ದು ಒಳಗೆ ಹೋಗಿಬಿಡುತ್ತಿದ್ದೆ.

ಗೌರಿ ಹಬ್ಬಕ್ಕೆ ಮುಂಚೆ ಹಿಡಿದ ಮಳೆ ಆ ಸಲ ಬಿಡಲೇ ಇಲ್ಲ. ಮನೆಯಲ್ಲಿ ರೇಷ್ಮೆ ಹುಳ ಕೊನೆಯ ಜ್ವರದಿಂದ ಎದ್ದಿದ್ದವು. ಹುಳ ಪೊರೆ ಬಿಡುವುದನ್ನು ನಮ್ಮಲ್ಲಿ ಜ್ವರವೆನ್ನುತ್ತಾರೆ. ಆಮೇಲೆ ಅವು ಹಗಲೂ ರಾತ್ರಿ ಮೇಯುತ್ತವೆ, ಒಂದು ಹೊತ್ತು ಸೊಪ್ಪು ತಪ್ಪಿದರೂ ಗೂಡು ಕಟ್ಟುವುದಿಲ್ಲ. ಮಳೆ ಬಿಟ್ಟು ಬಿಸಿಲು ಬಂದ ಒಂದು ಬೆಳಿಗ್ಗೆ, ನಾನು ತಟ್ಟೆ ಬದಲಿಸುತ್ತಿದ್ದಾಗ, ರೈಲು ಕೂಗಿತು. ನಿಲ್ಲಿಸದೆ ಕೂಗಿತು. ಹೊರಗೆ ಬಂದೆ. ನಮ್ಮ ಎತ್ತುಗಳು ಎರಡೂ ನೊಗವಿಲ್ಲದೆ, ಕೊರಳಲ್ಲಿ ಹಗ್ಗ ಎಳೆದುಕೊಂಡು ಅಂಗಳಕ್ಕೆ ಓಡಿ ಬಂದು ನಿಂತವು. ಅಜ್ಜಿ ಅವನ್ನು ನೋಡಿದಳು. ಹಳಿಯ ಕಡೆ ಓಡಿದಳು.

ಅವನ ಕೈ ತಪ್ಪಿರಲಿಲ್ಲ. ಹಳಿ ಮುಟ್ಟಿ ನೋಡಿಯೇ ಗಾಡಿ ಹೊಡೆದಿದ್ದ, ಆಗ ಕಬ್ಬಿಣ ತಣ್ಣಗಿತ್ತು. ಹಳಿ ದಾಟಿ ಈಚೆಗೆ ಇಳಿಯುವಾಗ ಚಕ್ರ ಜೇಡಿಮಣ್ಣಿಗೆ ಇಳಿದು ಕಚ್ಚಿಕೊಂಡಿತು, ಗಾಡಿಯ ಹಿಂಭಾಗ ಹಳಿಯ ಮೇಲೇ ಉಳಿಯಿತು. ಎತ್ತುಗಳನ್ನು ಬಿಚ್ಚಿ ಓಡಿಸಿದ. ಆಮೇಲೆ ಹಿಂದೆ ಹೋಗಿ, ರೈಲಿನ ಕಡೆಗೆ ಬೆನ್ನು ಕೊಟ್ಟು, ಹೆಗಲು ಹಚ್ಚಿ ಗಾಡಿ ನೂಕುತ್ತಿದ್ದನಂತೆ. “ಕೂಗಿದೆ ಅಯ್ಯಾ, ಗಂಟಲು ಹರಿಯೋ ಹಂಗೆ ಕೂಗಿದೆ,” ಎಂದು ಗ್ಯಾಂಗ್‌ಮನ್ ಎದೆ ಬಡಿದುಕೊಂಡು ಅತ್ತ. ಅಯ್ಯೋ, ಯಾರಿಗೆ ಕೂಗಿದೆ ಮಾರಾಯ!

ರೈಲನ್ನು ನಿಲ್ಲಿಸಿಕೊಳ್ಳುವ ಹಾಗಿಲ್ಲವೆಂದು ಅವನನ್ನು ಹಳಿಯ ಪಕ್ಕಕ್ಕೆ ಎತ್ತಿ ಮಲಗಿಸಿದರು, ರೈಲು ಹೊರಟಿತು. ಠಾಣೆಯಿಂದ ದಫೇದಾರ ಬಂದ. ಗಡಿಕಲ್ಲು ನೋಡಿದ, ದೇಹ ನೋಡಿದ. “ಇದು ಒಳಗಡೆ ಐತೆ. ನಮಗೆ ಸೇರಲ್ಲ. ರೈಲ್ವೆ ಪೊಲೀಸು ಬೆಂಗಳೂರಿಂದ ಬರ್ಬೇಕು. ಅಲ್ಲೀತಂಕ ಯಾರೂ ಮುಟ್ಟಬೇಡಿ,” ಎಂದ.

“ನಾಲ್ಕು ಹೆಜ್ಜೆ ಈಚೆಗೆ ತಂದು ಮರದ ನೆರಳಲ್ಲಿ ಮಲಗಿಸ್ತೀವಿ ಸ್ವಾಮಿ,” ಎಂದ ಅಪ್ಪ. “ನನ್ನ ತಮ್ಮ ಅವನು.”

“ನನಗೆ ಗೊತ್ತಾಗ್ತದೆ ಯಜಮಾನ್ರೇ. ಆಗಲ್ಲ.”

ಸಾಯಂಕಾಲದ ರೈಲಿನಲ್ಲಿ ಆ ಪೊಲೀಸರು ಬರುವವರೆಗೆ ಅವನು ಬಿಸಿಲಲ್ಲಿ ಬಿದ್ದಿದ್ದ. ಅಜ್ಜಿ ಪಕ್ಕದಲ್ಲಿ ಕೂತು ಸೆರಗನ್ನು ಎರಡು ಕೈಯಲ್ಲಿ ಹಿಡಿದು ಅವನ ಮುಖಕ್ಕೆ ನೆರಳು ಮಾಡಿಕೊಂಡೇ ಇದ್ದಳು. ನಾನು ಹಿಡಿಯುತ್ತೇನೆಂದರೆ ಬಿಡಲಿಲ್ಲ. ಗಾಡಿಯ ಸೊಪ್ಪನ್ನೂ ಮುಟ್ಟುವ ಹಾಗಿರಲಿಲ್ಲ, ಅದು ಅಲ್ಲೇ ಬಾಡಿ ಕಪ್ಪಾಯಿತು. ಮನೆಯಲ್ಲಿ ಹುಳುಗಳೆಲ್ಲ ಹಸಿದು ತಟ್ಟೆಯ ಅಂಚಿಗೆ ಬಂದು ತಲೆ ಎತ್ತಿಕೊಂಡಿದ್ದವು. ಅವುಗಳ ನೆನಪು ಯಾರಿಗಿತ್ತು? ಮುಂದೆ ನಾನು ಕಲಿಸುತ್ತಿದ್ದ ಪುಸ್ತಕದಲ್ಲಿ ಇದನ್ನು ಅಧಿಕಾರಗಳ ಹಂಚಿಕೆ ಎಂದು ಬರೆದಿರುತ್ತಿತ್ತು.

ಮುಂದೆ ಚುನಾವಣೆಯಾಯಿತು, ಮಂತ್ರಿಮಂಡಲ ಬಂತು. ರಾಜ್ಯ ಕೊನೆಗೂ ರೈಲ್ವೆಗೆ ಬರೆಯಿತು. ಆ ಪತ್ರ ತಲುಪಿ ಉತ್ತರ ಬರುವಷ್ಟರಲ್ಲಿ ರಾಜ್ಯದ ಹೆಸರೇ ಮೈಸೂರು ಹೋಗಿ ಕರ್ನಾಟಕವಾಗಿತ್ತು. ಊರೂರಲ್ಲಿ ಸಂಭ್ರಮವೋ ಸಂಭ್ರಮ. ಕೇಳಿದ್ದು ಮೈಸೂರು ರಾಜ್ಯ, ಈಗ ಕರ್ನಾಟಕದವರು ಹೊಸದಾಗಿ ಕೇಳಲಿ ಎಂದು ಯಾರೋ ಅದನ್ನು ವಾಪಸ್ಸು ಕಳಿಸಿದರಂತೆ. ಅಪ್ಪ ಅಷ್ಟು ಹೊತ್ತಿಗೆ ಬೆಂಗಳೂರಿಗೆ ಹೋಗುವುದನ್ನು ಬಿಟ್ಟಿದ್ದ. ಅಜ್ಜಿಯೂ ಗೇಟಿನ ಮಾತೆತ್ತುತ್ತಿರಲಿಲ್ಲ.

ಯಾರೂ ಕೇಳದೆ ಇದ್ದಾಗ ಒಂದು ದಿನ ಜೀಪು ಬಂತು. ಅಚ್ಚರಿಯೆಂದರೆ ಒಂದೇ ಜೀಪಿನಲ್ಲಿ ಇಬ್ಬರು ಇಂಜಿನಿಯರುಗಳು, ರೈಲ್ವೆಯವರೊಬ್ಬರು, ರಾಜ್ಯದವರೊಬ್ಬರು. ಟೇಪು ಹಿಡಿದು ಗಡಿಕಲ್ಲಿನಿಂದ ಗಡಿಕಲ್ಲಿಗೆ ಅಳೆದರು. ಊರ ಹಿರಿಯನೆಂದು ಅಪ್ಪನನ್ನು ಕರೆಸಿದರು. ನಾನೂ ಹೋದೆ. ರಾಜ್ಯದ ಇಂಜಿನಿಯರ್, ಹೊಸದಾಗಿ ಕೆಲಸಕ್ಕೆ ಸೇರಿದ ಚೂಟಿಯಾದ ಯುವಕ, ಜೀಪಿನ ಬಾನೆಟ್ ಮೇಲೆ ಹಾಳೆ ಇಟ್ಟು ಬರೆಯುತ್ತ ಕೇಳಿದ.

“ಇಲ್ಲಿ ಯಾವುದಾದ್ರೂ ಪ್ರಾಣಹಾನಿ ಆಗಿದೆಯಾ ಯಜಮಾನ್ರೇ? ಆಗಿದ್ರೆ ಹೇಳಿ, ಗೇಟು ಬೇಗ ಸಿಗುತ್ತೆ.”

ಅಪ್ಪ ಹಳಿಯ ಕಡೆ ನೋಡಿದ. ಅವನ ಬಲಗೈ ಮೊಣಕೈಯವರೆಗೆ ಮೇಲೆದ್ದು, ಅಡ್ಡಕ್ಕೆ ಇಳಿಯುವ ಮುಂಚೆಯೇ ಸುಮ್ಮನೆ ಕೆಳಗೆ ಬಿತ್ತು.

“ಒಂದು ಆಗಿದೆ,” ಎಂದ. “ಒಂದು ಸಾಕಾ ಸ್ವಾಮಿ?”

ಇಂಜಿನಿಯರ್ ತಲೆ ಎತ್ತಲಿಲ್ಲ. “ಸಾಕು ಯಜಮಾನ್ರೇ, ಒಂದಿದ್ರೆ ಸಾಕು,” ಎಂದು ಬರೆದುಕೊಂಡ. ಅಪ್ಪ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಮನೆಯ ಕಡೆ ನಡೆದ.