ಸಾಹೇಬರ ಹೆಸರಿನ ಅಳತೆ

ಕ್ಲಾತೆನ್ ಊರಿನ ಸರ್ಕಾರಿ ಕಚೇರಿಯ ವೆಬ್‌ಸೈಟಿನಲ್ಲಿ ಒಂದು ಅಕ್ಷರ ದಪ್ಪಗಾಗಬೇಕಾದರೂ ಕಂಪ್ಯೂಟರ್ ಕೆಲಸದ ತುತಿಯೇ ಬರಬೇಕು. ಸೂಚನೆ, ಸಂತಾಪ, ಹಬ್ಬದ ಶುಭಾಶಯ, ಏನಿದ್ದರೂ ವಾಟ್ಸ್‌ಆ್ಯಪಿನಲ್ಲಿ ಕಳಿಸಿ "ಹಾಕಿಬಿಡಿ ಮ್ಬಾಕ್" ಅಂತ ಅಕ್ಕನನ್ನು ಕೇಳಿದಂತೆ ಕೇಳಿದರೆ ಕಚೇರಿಯವರ ಕೆಲಸ ಮುಗಿಯಿತು. ಅದನ್ನು ಕೋಡಿನ ನಡುವೆ ತುರುಕುವುದು ಇವಳ ಹಣೆಬರಹ. ಪ್ರತಿ ವರ್ಷ ಉಪವಾಸದ ತಿಂಗಳು ಮುಗಿದು ಬರುವ ಲೆಬಾರಾನ್ ಹಬ್ಬಕ್ಕೆ ಗಂಡನ ಊರಾದ ತೆಗಾಲಿಗೆ ಹೊರಟರೆ ಲ್ಯಾಪ್‌ಟಾಪೂ ಸವತಿಯಂತೆ ಜೊತೆಗೇ ಹೊರಡುತ್ತಿತ್ತು. ಅವಳಿಗೆ ಸಾಕುಸಾಕಾಗಿಹೋಗಿತ್ತು.

ಅದಕ್ಕೇ ಈ ಸಲ ಉಪವಾಸದ ತಿಂಗಳಿಡೀ ಕೂತು, ಬರೆಯುವ ಪುಟದ ನೆತ್ತಿಗೆ ಒಂದು ಸಾಲು ಬಟನ್ ಜೋಡಿಸಿದಳು. ದಪ್ಪ, ಓರೆ, ಬಣ್ಣ, ಅಕ್ಷರದ ಅಳತೆ, ಚಿತ್ರ. ಟೈಪ್ ಮಾಡಲು ಬರುವ ಯಾರು ಬೇಕಾದರೂ ಇನ್ನು ತಾವೇ ಬರೆದು ತಾವೇ ಪ್ರಕಟಿಸಬಹುದು.

"ಈ ಹಬ್ಬಕ್ಕೆ ಲ್ಯಾಪ್‌ಟಾಪ್ ಮನೇಲೇ ಬಿಟ್ಟು ಬರ್ತೀನಿ ಕಣ್ರೀ, ಆಣೆ," ಎಂದಳು ಗಂಡ ದರ್ಸೋನೋಗೆ. ಅವನು "ಹ್ಞೂಂ" ಎಂದ, ಅಷ್ಟೆ.

ಹಬ್ಬದ ಬೆಳಿಗ್ಗೆ ಅತ್ತೆಯ ಅಡುಗೆಮನೆಯಲ್ಲಿ ತುತಿ ತೆಂಗಿನ ಗರಿ ಬಿಡಿಸಿ, ಒಳಗೆ ಬೆಂದ ಅನ್ನದ ಕಡುಬು ಕೆತುಪಾತ್ ಕತ್ತರಿಸುತ್ತಿದ್ದಳು. ಫೋನ್ ಬಡಿದುಕೊಂಡಿತು. ಕಚೇರಿಯ ಕಾರ್ಯದರ್ಶಿ ಬು ಹರ್ನಿ, ಅಂದರೆ ಹರ್ನಿಯಮ್ಮ.

"ಮ್ಬಾಕ್ ತುತಿ, ನನ್ನ ಮಾನ ಹೋಯ್ತು! ಶುಭಾಶಯ ನಾನೇ ಹಾಕ್ದೆ. ನನ್ನ ಹೆಸರು ದೊಡ್ಡದಾಗಿ, ಸಾಹೇಬ್ರದ್ದು ಇಷ್ಟೇ ಇಷ್ಟು ಬಂದಿದೆ!"

"ಅಯ್ಯೋ, ಅಷ್ಟೇನಾ? ಸಾಹೇಬ್ರ ಹೆಸರು ಸೆಲೆಕ್ಟ್ ಮಾಡಿ, ಅಳತೆ ಬಟನ್ ಒತ್ತಿ."

"ಬಟನ್ ಕಾಣ್ತಿದೆ ಕಣಮ್ಮಾ, ನಾನೇನು ಕುರುಡಿಯಾ? ತಿದ್ದಿದವರ ಹೆಸರು ಪುಟದ ಕೆಳಗೆ ತಾನೇ ಬೀಳೋ ಹಾಗೆ ನೀವೇ ಮಾಡಿಟ್ಟಿದ್ದೀರಲ್ಲ. ನಾನೇ ತಿದ್ದಿದ್ರೆ, ಮೊದಲು ಬೇಕಂತಲೇ ಮಾಡಿ ಆಮೇಲೆ ಹೆದರ್ಕೊಂಡೆ ಅಂದ್ಕೊಳ್ಳಲ್ವಾ ಸಾಹೇಬ್ರು? ಆಗಲೇ ನೋಡಿದ್ದಾರೆ. ಏನೂ ಅಂದಿಲ್ಲ, ಬರೀ ನಕ್ಕರಂತೆ."

ಆ ನಗೆ ಎಂಥದೆಂದು ತುತಿಗೂ ಗೊತ್ತು.

"ಬೇರೆ ಯಾರಾದ್ರೂ ತಿದ್ದಲಿ ಬು."

"ಎಲ್ಲರನ್ನೂ ಕೇಳ್ದೆ. ನಾವು ನೋಡೇ ಇಲ್ಲ ಅಂತಾರೆ. ನೀವು ತಿದ್ದಿದ್ರೆ ಕಂಪ್ಯೂಟರಿನ ತಪ್ಪು ಅಂತ ಆಗುತ್ತೆ. ಹೊಸ ಬಟನ್ ಅಲ್ವಾ, ಏನೋ ಎಡವಟ್ಟಾಯ್ತು ಅಂದ್ರೆ ಮುಗೀತು. ದಮ್ಮಯ್ಯ!"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತುತಿ ಚಾಕು ಕೆಳಗಿಟ್ಟಳು. ಬರೆಯುವುದಕ್ಕೆ ಅವರಿಗೆ ಅವಳು ಬೇಕಿರಲಿಲ್ಲ, ತಪ್ಪು ಹೊರುವುದಕ್ಕೆ ಬೇಕಿತ್ತು. ಅಂಥ ಕೆಲಸಕ್ಕೆ ಯಾವ ಬಟನ್ ಜೋಡಿಸುವುದು? ಸಿಟ್ಟು ಬರಬೇಕಾದಲ್ಲಿ ಅವಳಿಗೆ ಅಳು ಬಂತು.

"ಫೋನಲ್ಲಿ ಆಗೋ ಕೆಲಸ ಅಲ್ಲ ಬು. ಲ್ಯಾಪ್‌ಟಾಪ್ ಈ ಸಲ ತಂದೇ ಇಲ್ಲ," ಎಂದಳು. ಹೇಳುವಾಗ ಎದೆ ಒಂದಿಷ್ಟು ಹಗುರಾಯಿತು.

ಪಕ್ಕದಲ್ಲಿ ಕೋಳಿಸಾರು ಬಡಿಸುತ್ತಿದ್ದ ದರ್ಸೋನೋ ಎಲ್ಲ ಕೇಳಿಸಿಕೊಂಡ. ಒಳಗೆ ಹೋಗಿ, ತನ್ನ ಚೀಲದಲ್ಲಿ ಬಟ್ಟೆಗಳ ಅಡಿಯಲ್ಲಿ ಬಚ್ಚಿಟ್ಟಿದ್ದ ಅವಳ ಲ್ಯಾಪ್‌ಟಾಪನ್ನು ತಂದು ಕೆತುಪಾತ್ ತಟ್ಟೆಯ ಪಕ್ಕ ಇಟ್ಟ.

"ಚಾರ್ಜ್ ಮಾಡಿಟ್ಟಿದ್ದೀನಿ," ಎಂದ.