ನಿದ್ದೆ ಮಾಡುತ್ತಲೇ ಮಾತಾಡುವ ಯಂತ್ರ

ಕಿವಿಯಲ್ಲಿ ಕೇಳುತ್ತಿರುವ ಮಾತು ಅರೆಕ್ಷಣ ತಡವರಿಸಿದರೂ ನನ್ನ ಅನುಮಾನ ಮೊದಲು ಹೋಗುವುದು ಯಂತ್ರದ ಮೇಲೆ. ಮನುಷ್ಯರನ್ನು ಅನುಮಾನಿಸುವುದು ನನ್ನ ಉದ್ಯೋಗ. ಸುದ್ದಿಮನೆಯಲ್ಲಿ ಅದಕ್ಕೇ ಸಂಬಳ. ಪಾಳಿ ಮುಗಿದ ಮೇಲೆ ಆ ಬುದ್ಧಿಯನ್ನು ಸೆಲ್ಲು, ಸ್ವಿಚ್ಚು, ವೈರುಗಳ ಕಡೆ ತಿರುಗಿಸುತ್ತೇನೆ.

ನಾನಿರುವುದು ವಿಶಾಖಪಟ್ಟಣದಲ್ಲಿ, ಒಂದು ಸುದ್ದಿಸಂಸ್ಥೆಯ ಸಂಜೆ ಪಾಳಿಯಲ್ಲಿ. ಹೆಂಡತಿ ಸುಮಾ ವಿಜಯವಾಡದಲ್ಲಿ ಬ್ಯಾಂಕ್ ಮ್ಯಾನೇಜರು. ಅವಳು ಮನೆಗೆ ಬರುವ ಹೊತ್ತಿಗೆ ನಾನು ಬೇರೆಯವರ ವಾಕ್ಯಗಳನ್ನು ಕತ್ತರಿಸುತ್ತಿರುತ್ತೇನೆ; ನಾನು ಮನೆ ಸೇರುವಾಗ ಅವಳಿಗೆ ನಿದ್ದೆ. ಫೋನಿನಲ್ಲಿ ‘ಊಟ ಆಯ್ತಾ’, ‘ಗ್ಯಾಸ್ ಬಂತಾ’ ಎನ್ನುವುದರಾಚೆ ಮಾತು ಹೋಗುವುದಿಲ್ಲ. ಹಾಗಾಗಿ ಹೆಬ್ಬೆರಳಿನಷ್ಟು ದೊಡ್ಡ ಎರಡು ಎಂಪಿತ್ರೀ ಪ್ಲೇಯರ್ ಇಟ್ಟುಕೊಂಡಿದ್ದೇವೆ. ಅವುಗಳಲ್ಲಿ ಮಾತು ರೆಕಾರ್ಡ್ ಮಾಡಲೂ ಬರುತ್ತದೆ. ವಾರವಿಡೀ ಅವಳು ಅಡುಗೆ ಮಾಡುತ್ತಾ ಒಂದರೊಂದಿಗೆ ಮಾತಾಡುತ್ತಾಳೆ, ನಾನು ಸಮುದ್ರದ ದಂಡೆಯಲ್ಲಿ ನಡೆಯುತ್ತಾ ಇನ್ನೊಂದರೊಂದಿಗೆ. ವಾರದ ರಜೆಗೆ ನಾನು ರೈಲು ಹತ್ತಿ ಹೋದಾಗ ಪ್ಲೇಯರುಗಳು ಅದಲುಬದಲು.

ಅವಳ ರೆಕಾರ್ಡಿಂಗಿನಲ್ಲಿ ಒಗ್ಗರಣೆಯ ಚಟಪಟ, ಮಾಲೀಕರ ಮನೆಯಾಕೆಯ ತೆಲುಗು, ಉಕ್ಕುವ ಹಾಲಿಗೆ ಬೈಗುಳ ಎಲ್ಲವೂ ಇರುತ್ತವೆ. ನನ್ನದರ ಬಗ್ಗೆ ಅವಳ ಅಭಿಪ್ರಾಯ ಬೇರೆ. "ಮೊದಲು ಮುಖ್ಯಾಂಶ, ಆಮೇಲೆ ವಿವರ. ಕೊನೇಲಿ ಹವಾಮಾನ ಒಂದು ಹೇಳಿಬಿಡಿ ಕಣ್ರೀ, ಪೂರ್ತಿಯಾಗತ್ತೆ" ಎನ್ನುತ್ತಾಳೆ.

ತೊಂದರೆ ಇದ್ದದ್ದು ಪ್ಲೇಯರಿನ ಸೆಲ್ಲಿನದು. ವಾರದ ಅರ್ಧಕ್ಕೇ ಸತ್ತುಹೋಗುತ್ತಿತ್ತು. ವಿಶಾಖಪಟ್ಟಣದಲ್ಲಿ ನನ್ನ ಮೇಲಿನ ಮನೆಯಲ್ಲಿ ಶಿವಮೊಗ್ಗದ ಪ್ರಶಾಂತ ಇದ್ದಾನೆ. ದುವ್ವಾಡದ ಕಂಪನಿಯೊಂದರಲ್ಲಿ ಇಂಥ ಪ್ಲೇಯರುಗಳಿಗೇ ಸಾಫ್ಟ್‌ವೇರ್ ಬರೆಯುವ ಎಂಜಿನಿಯರ್. ಅವನ ಬಳಿ ದುಃಖ ತೋಡಿಕೊಂಡೆ.

"ಪರವಾಲೇದು ಸರ್, ನೋಡೋಣ" ಎಂದ. ತೆಲುಗು ಅವನ ನಾಲಗೆಗೆ ಅಷ್ಟು ಹತ್ತಿದೆ. "ಇದು ಹಾಡೋವಾಗ ಪೂರ್ತಿ ಎಚ್ಚರ ಇರಬೇಕು ಅಂದ್ಕೊಂಡಿದೀರಾ? ಮುಕ್ಕಾಲು ಪಾಲು ಮಲಗಿದ್ರೂ ನಡೆಯತ್ತೆ."

ಮನೆಯ ಮೇಲಿನ ನೀರಿನ ಟ್ಯಾಂಕನ್ನು ತೋರಿಸಿ ವಿವರಿಸಿದ. ಪಂಪು ಸ್ವಲ್ಪ ಹೊತ್ತು ಓಡಿ ಟ್ಯಾಂಕ್ ತುಂಬಿಸಿ ನಿಲ್ಲುತ್ತದೆ; ನಲ್ಲಿ ಮಾತ್ರ ಹರಿಯುತ್ತಲೇ ಇರುತ್ತದೆ. ಯಂತ್ರವೂ ಹಾಗೇ ಒಂದಿಷ್ಟು ಶಬ್ದವನ್ನು ಮುಂಚಿತವಾಗಿ ತುಂಬಿಟ್ಟು ಮಲಗಬೇಕು, ಅದು ಬರಿದಾಗುವ ಮೊದಲೇ ಏಳಬೇಕು. ಪದೇಪದೇ ಎದ್ದರೆ ಸೆಲ್ ದಂಡ. ತಡವಾಗಿ ಎದ್ದರೆ ಮಾತು ತುಂಡು. ಈ ವಿದ್ಯೆ ನನಗೆ ತೀರಾ ಹೊಸದೇನಲ್ಲ. ನಮ್ಮ ಮುಖ್ಯ ಉಪಸಂಪಾದಕರು ಎರಡು ಸುದ್ದಿಗಳ ನಡುವೆ ಕುರ್ಚಿಯಲ್ಲೇ ಗೊರಕೆ ಹೊಡೆದು, ಮುಂದಿನದು ಬರುವಷ್ಟರಲ್ಲಿ ಕಣ್ಣು ತೆರೆದಿರುತ್ತಾರೆ. ಇದುವರೆಗೆ ಒಂದು ಆವೃತ್ತಿಯೂ ತಡವಾಗಿಲ್ಲ.

ನಿಜ ಹೇಳಬೇಕೆಂದರೆ ನನ್ನ ಸಂಸಾರದ ಏರ್ಪಾಡೂ ಅದೇ. ಒಂದು ದಿನ ತುಂಬಿಸಿಕೊಂಡು ವಾರವೆಲ್ಲ ಹರಿಸುವುದು. ಗುರುವಾರದ ಹೊತ್ತಿಗೆ ನಲ್ಲಿಯಲ್ಲಿ ಬರೀ ಗಾಳಿ ಬುಸುಗುಟ್ಟುವುದು ಕೇಳಿಸುತ್ತದೆ.

ವಾರಕ್ಕೊಂದರಂತೆ, ನನ್ನ ಕೈಗೆ ಬಂದ ಹಾಗೆ, ಪ್ರಶಾಂತ ಎರಡೂ ಪ್ಲೇಯರಿಗೆ ತನ್ನ ಹೊಸ ಸಾಫ್ಟ್‌ವೇರ್ ತುಂಬಿಕೊಟ್ಟ. ಸೆಲ್ ವಾರವಿಡೀ ಬಂತು. ಆದರೆ ಮುಂದಿನ ಸಲ ವಿಜಯವಾಡದಿಂದ ಮರಳುವಾಗ ರೈಲಿನಲ್ಲಿ ಕೇಳುತ್ತಿದ್ದೆ, ಸುಮಾ ಹೇಳಿದಳು: "ನಿಮ್ಮೂರಿನ ನಮ್ಮ ಶಾಖೇಲಿ ಒಂದು ಜಾಗ ಖಾಲಿ ಆಗತ್ತಂತೆ..." ಅಷ್ಟೇ. ಶಬ್ದವೇ ಇಲ್ಲ. ಬಹಳ ಹೊತ್ತಿನ ಮೇಲೆ, "ಸರಿ, ಬೇಳೆ ಬೆಂತು."

ಬಿಡುವಿಲ್ಲದೆ ಮಾತಾಡುವವಳು ಅವಳು. ನನಗೆ ಬೇಕಾಗಿದ್ದ ವಾಕ್ಯವನ್ನೇ ಯಂತ್ರ ನುಂಗಿತ್ತು! ಊರು ತಲುಪಿದವನೇ ಪ್ರಶಾಂತನ ಬಾಗಿಲು ಬಡಿದೆ. "ನಿನ್ನ ಪಂಪು ತಡವಾಗಿ ಎದ್ದಿದೆಯಪ್ಪಾ."

ಅವನು ದೊಡ್ಡ ಹೆಡ್‌ಫೋನ್ ಹಾಕಿಕೊಂಡು, ವಾಲ್ಯೂಮ್ ಏರಿಸಿ, ಆ ಜಾಗವನ್ನೇ ಮತ್ತೆಮತ್ತೆ ಕೇಳಿದ. "ಫ್ಯಾನ್ ತಿರುಗ್ತಾ ಇದೆ ಸರ್. ಯಂತ್ರ ಮಲಗಿದ್ರೆ ಅದರ ಸದ್ದೂ ನಿಲ್ಲಬೇಕಿತ್ತು."

"ಹಾಗಾದರೆ?"

"ಅಕ್ಕ ಸುಮ್ನಿದ್ರು, ಅಷ್ಟೇ. ನನ್ನ ಸಾಫ್ಟ್‌ವೇರಿಗೆ ಯಾಕೆ ಬೈತೀರಾ?"

ಹೆಡ್‌ಫೋನ್ ಇಸಕೊಂಡು ನಾನೂ ಕೇಳಿದೆ. ದೂರದ ಅಡುಗೆಮನೆಯ ಫ್ಯಾನು ತಿರುಗುತ್ತಿತ್ತು.

ಅವಳ ಬ್ಯಾಂಕಿನ ಇಲ್ಲಿನ ಶಾಖೆಯಲ್ಲಿ ವಿಚಾರಿಸಿದೆ. ಖಾಲಿಯಾಗುವುದು ಮ್ಯಾನೇಜರ್ ಕುರ್ಚಿಯಲ್ಲ, ಅದರ ಕೆಳಗಿನದು. ಬರಬೇಕೆಂದರೆ ಅವಳು ಕಷ್ಟಪಟ್ಟು ಸಂಪಾದಿಸಿದ ಜಾಗ ಬಿಡಬೇಕು. ಅದನ್ನು ಬಿಡು ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಹೇಳದೆ ಇದ್ದರೆ ಈ ಒಂದು ದಿನದ ಸಂಸಾರ ಇನ್ನೆಷ್ಟು ವರ್ಷವೋ. ‘ಗ್ಯಾಸ್ ಬಂತಾ’ ಎಂಬುದರ ಪಕ್ಕದಲ್ಲಿ ಕೇಳುವ ಮಾತಲ್ಲ ಅದು. ರಜೆ ಬರುವವರೆಗೆ ತಡೆದುಕೊಂಡೆ.

ವಿಜಯವಾಡದ ಅಡುಗೆಮನೆಯಲ್ಲಿ ಅವಳು ಬೀನ್ಸ್ ಮುರಿಯುತ್ತಿದ್ದಳು. "ಆ ಜಾಗದ ವಿಷಯ ಹೇಳಿ ಯಾಕೆ ಸುಮ್ಮನಾದೆ?" ಎಂದೆ.

"ನೀವೇನಾದ್ರೂ ಹೇಳ್ತೀರೇನೋ ಅಂತ."

"ಮಷೀನಿನ ಒಳಗಿಂದ ನಾನು ಹೇಗೆ ಹೇಳಲಿ?"

"ಗೊತ್ತು. ಆದ್ರೂ ಕಾದೆ."

ನಾನು ಗಂಟಲು ಸರಿಮಾಡಿಕೊಂಡು ವಿಷಯದ ಎರಡೂ ಮುಖಗಳನ್ನು ಮಂಡಿಸಲು ಶುರುಮಾಡಿದೆ: ಅವಳ ಹುದ್ದೆ, ಮುಂದಿನ ಬಡ್ತಿ, ಇಲ್ಲಿನ ಸ್ನೇಹಿತರು. ಅವಳು ಬೀನ್ಸ್ ತಟ್ಟೆಯನ್ನು ಪಕ್ಕಕ್ಕಿಟ್ಟಳು.

"ರೀ, ವರದಿ ಬೇಡ. ನಿಮಗೇನು ಬೇಕು?"

"ನೀನು ಬಾ" ಎಂದೆ. ಇಷ್ಟು ವರ್ಷದಲ್ಲಿ ನಾನು ಕೊಟ್ಟ ಅತಿ ಚಿಕ್ಕ ಸುದ್ದಿ. ಇನ್ನೊಂದು ಕಡೆಯವರ ಹೇಳಿಕೆಯಿಲ್ಲದ್ದೂ ಇದೊಂದೇ.

ಅವಳು ತಟ್ಟೆಯನ್ನು ಮತ್ತೆ ಮಡಿಲಿಗೆಳೆದುಕೊಂಡಳು. "ಯೋಚನೆ ಮಾಡ್ತೀನಿ" ಎಂದಳು, ನಗುತ್ತಾ.

ಮಾಡಲಿ. ಕಾಯುವ ಪಾಳಿ ಈಗ ನನ್ನದು.