ಸರ್ದಾರನ ಪಟಕ್ಕೆ ಮಾಲೆ

ಮುಧೋಳದಲ್ಲಿ ಹುಟ್ಟಿದ ಮನುಷ್ಯನಿಗೆ ಮುಧೋಳದಲ್ಲಿ ಇರುವಷ್ಟು ದಿನ ಯಾವ ವಿಶೇಷವೂ ಇಲ್ಲ. ಅವನು ಬಸ್ಸು ಹತ್ತಿ ಜಮಖಂಡಿಗೆ ಬಂದು ಮನೆ ಕಟ್ಟಿಸಿದನೆಂದರೆ ಮಾತ್ರ ರಾತ್ರೋರಾತ್ರಿ ನಾಯಿಗಳ ಪಂಡಿತನಾಗಿಬಿಡುತ್ತಾನೆ. ಅವನೇನೂ ಹೇಳಿಕೊಳ್ಳಬೇಕಾಗಿಲ್ಲ. "ಮುಧೋಳದವರೇನ್ರಿ?" ಎಂದು ಕೇಳಿದವರು ಮರುಕ್ಷಣವೇ ತಮ್ಮ ನಾಯಿಯ ಬಾಯಿ ಬಿಡಿಸಿ ಹಲ್ಲು ತೋರಿಸುತ್ತಾರೆ.

ಶಿವಯೋಗೆಪ್ಪನಿಗೆ ಆದದ್ದೂ ಇದೇ. ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಲಾರಿ ತೂಗುತ್ತ ಮೂವತ್ತೆರಡು ವರ್ಷ ಕಳೆದಿದ್ದ ಅವನು ನಿವೃತ್ತನಾದ ಮೇಲೆ ಹೆಂಡತಿ ಭಾಗವ್ವನೊಂದಿಗೆ ಜಮಖಂಡಿಯ ಹೊರಗಿನ ಕಲ್ಮೇಶ್ವರ ನಗರಕ್ಕೆ ಬಂದ. ಹೊಸ ಬಡಾವಣೆ. ಗಟಾರ ಇನ್ನೂ ಆಗಿರಲಿಲ್ಲ, ಆದರೆ ಎರಡು ಮನೆಗೊಂದು ನಾಯಿ ಆಗಿತ್ತು. ಬಂದ ತಿಂಗಳಲ್ಲೇ ಎಲ್ಲರೂ ಶಿವಯೋಗೆಪ್ಪನ ಸಲಹೆ ಕೇಳತೊಡಗಿದರು. ಅವನು ಕಣ್ಣು ಕಿರಿದು ಮಾಡಿ, ನಾಯಿಯ ಬೆನ್ನ ಮೇಲೆ ಎರಡು ಬೆರಳು ಎಳೆದು, "ಹ್ಞೂಂ, ಅಡ್ಡಿಯಿಲ್ಲ" ಎನ್ನುತ್ತಿದ್ದ. ಅಷ್ಟೇ ಸಾಕಿತ್ತು. ಮಾಲೀಕರು ಖುಷಿಯಾಗಿ ಮನೆಗೆ ಹೋಗುತ್ತಿದ್ದರು.

ಒಂದೇ ತೊಡಕೆಂದರೆ, ಪಂಡಿತನ ಮನೆಯಲ್ಲಿ ನಾಯಿ ಇರಲಿಲ್ಲ. ಮುಧೋಳದವನಾಗಿ ನಾಯಿ ಇಲ್ಲವೆಂದರೆ ಕಾರಣ ಬೇಕಲ್ಲ? ಕಾರಣವಾಗಿ ಹುಟ್ಟಿಕೊಂಡದ್ದೇ ಸರ್ದಾರನ ವೀರಮರಣದ ಕಥೆ.

ಸರ್ದಾರ ಅಪ್ಪಟ ಮುಧೋಳ ತಳಿಯ ಬೇಟೆ ನಾಯಿ. ಎದೆ ಬಿಲ್ಲಿನ ಹಾಗೆ, ಸೊಂಟ ಮುಷ್ಟಿಯಲ್ಲಿ ಹಿಡಿಯುವ ಹಾಗೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಒಂದು ದಿನ, ಹೊಲದ ಕೊನೆಯ ನಾಲ್ಕು ಸಾಲು ಉಳಿದಿದ್ದಾಗ, ಒಳಗಿಂದ ಕಾಡುಹಂದಿಯೊಂದು ಸಿಡಿದು ಬಂದು ನೆಟ್ಟಗೆ ಶಿವಯೋಗೆಪ್ಪನ ಮೇಲೆ ನುಗ್ಗಿತು. ಸರ್ದಾರ ಅಡ್ಡ ಹಾರಿದ. ಒಂದು ತಾಸು ಕಾಳಗ. ಹಂದಿ ಬಿತ್ತು, ಸರ್ದಾರನೂ ಬಿದ್ದ. ಯಜಮಾನನ ತೊಡೆಯ ಮೇಲೆ ತಲೆಯಿಟ್ಟು, ಒಮ್ಮೆ ಕೈ ನೆಕ್ಕಿ, ಪ್ರಾಣಬಿಟ್ಟ. ಮೊದಲ ಸಲ ಹೇಳಿದಾಗ ಹಂದಿ ಕರುವಿನಷ್ಟಿತ್ತು. ವರ್ಷ ತುಂಬುವುದರೊಳಗೆ ಎಮ್ಮೆಯಷ್ಟಾಯಿತು. ಕೈ ನೆಕ್ಕುವ ಭಾಗಕ್ಕೆ ಬಂದಾಗ ಶಿವಯೋಗೆಪ್ಪ ನಿಜವಾಗಿಯೂ ಕನ್ನಡಕ ತೆಗೆದು ಒರೆಸುತ್ತಿದ್ದ. ಕೇಳುವವರಲ್ಲಿ ಕಣ್ಣೊರೆಸಿಕೊಳ್ಳದವಳು ಭಾಗವ್ವ ಒಬ್ಬಳೇ. ಆಕೆ ಆ ಹೊತ್ತಿಗೆ ಸರಿಯಾಗಿ ಒಳಗೆ ಹೋಗಿ ಅಡಿಗೆಯ ಭಾಂಡೆಗಳ ಸದ್ದು ಮಾಡುತ್ತಿದ್ದಳು.

ಯಾಕೆಂದರೆ ನಡೆದದ್ದು ಬೇರೆ. ಹೊಲ ಖರೆ, ಕೊನೆಯ ನಾಲ್ಕು ಸಾಲು ಖರೆ, ಸರ್ದಾರನೂ ಖರೆ. ಕಾರ್ಖಾನೆಯ ಅರ್ಧ ಮಂದಿ ಶಿವಯೋಗೆಪ್ಪನ ಬೇಟೆ ನಾಯಿಯ ಪರಾಕ್ರಮ ನೋಡಲು ಬದುವಿನ ಮೇಲೆ ನಿಂತದ್ದೂ ಖರೆ. ಆದರೆ ಕಬ್ಬಿನೊಳಗಿಂದ ಬಂದದ್ದು ಒಂದು ಮುಂಗುಸಿ. ಅದು ಸರ್ದಾರನನ್ನು ನೋಡಿ ಬಾಲ ಉಬ್ಬಿಸಿತು. ಸರ್ದಾರ ಒಂದು ಕಿರುಚು ಕಿರುಚಿ, ಓಡಿ ಬಂದು, ಶಿವಯೋಗೆಪ್ಪನ ಧೋತರದೊಳಗೆ ತಲೆ ಹಾಕಿ ನಿಂತುಬಿಟ್ಟ. ಹೊರಗೆ ತೆಗೆಯಲು ಮೂರು ಜನ ಬೇಕಾದರು. ಧೋತರ ಅರ್ಧ ಬಿಚ್ಚಿತು.

ಎಂಟು ದಿನ ಕಾರ್ಖಾನೆಯಲ್ಲಿ ನಗೆಯೇ ನಗೆ. ಲಾರಿ ತೂಗಿಸಲು ಬಂದ ಡ್ರೈವರುಗಳೂ, "ಸಾಹೇಬ್ರ, ಧೋತರದಾಗ ಯಾರರ ಅದಾರೇನ್ರಿ?" ಎಂದು ಕೇಳುತ್ತಿದ್ದರು. ಒಂಬತ್ತನೆಯ ದಿನ ಶಿವಯೋಗೆಪ್ಪ ಬೀಳಗಿ ಕಡೆ ಖಾಲಿ ಹೊರಟಿದ್ದ ಲಾರಿಯೊಂದಕ್ಕೆ ಸರ್ದಾರನನ್ನು ಹತ್ತಿಸಿದ. "ದೂರ ಎಲ್ಲೆರ ಇಳಿಸಿ ಹೋಗು," ಎಂದ. ನಾಯಿ ಸಂತೋಷದಿಂದ ಬಾಲ ಆಡಿಸುತ್ತ ಹತ್ತಿತ್ತು. ಅದಕ್ಕೆ ಲಾರಿಯೆಂದರೆ ಪ್ರೀತಿ. ಈ ಬಾಲ ಆಡಿಸಿದ್ದೊಂದನ್ನು ಶಿವಯೋಗೆಪ್ಪ ಭಾಗವ್ವನಿಗೂ ಹೇಳಿರಲಿಲ್ಲ.

ಇದಾಗಿ ನಾಲ್ಕು ವರ್ಷ ಕಳೆದವು. ಕಲ್ಮೇಶ್ವರ ನಗರದ ತಿರುವಿನಲ್ಲಿ ರಾಜೇಶ್ವರಿ ಎಂಬ ಚುರುಕು ಹೆಣ್ಣುಮಗಳು ಜೋಳದ ರೊಟ್ಟಿಯ ಖಾನಾವಳಿ ಇಟ್ಟಳು. ಅಲ್ಲಿಯವರೆಗೆ ಬಡಾವಣೆಯಲ್ಲಿ ನಾಯಿ ಕರೆದುಕೊಂಡು ಉಣ್ಣಲು ಹೋಗುವ ಜಾಗವೆಂದರೆ ಮಿರ್ಚಿ ಭಜಿಯ ಗಾಡಿ ಒಂದೇ. ಹೋಟೆಲುಗಳ ಬಾಗಿಲಲ್ಲಿ ಕೋಲು ಹಿಡಿದವರು ನಿಂತಿರುತ್ತಿದ್ದರು. ರಾಜೇಶ್ವರಿ ಬೇವಿನ ಗಿಡದ ಕೆಳಗೆ ಫರಸಿ ಕಲ್ಲು ಹಾಕಿಸಿ, ನಾಯಿ ಕಟ್ಟಲು ಗೋಡೆಗೆ ಕಬ್ಬಿಣದ ಬಳೆ ಬಡಿಸಿ, ಕಲ್ಲಿನ ದೋಣಿಯಲ್ಲಿ ನೀರಿಟ್ಟು, "ನಾಯಿ ಜೋಡಿ ಬಂದವರು ಅಂಗಳದಾಗ ಕೂಡ್ರಿ. ನುಚ್ಚು ಮಜ್ಜಿಗಿ ನಾವ ಕೊಡತೇವಿ" ಎಂದು ಹಲಗೆ ಹಾಕಿದಳು. ಮಂದಿ ಮುಗಿಬಿದ್ದರು. ತೇರದಾಳದಿಂದ ಬಂದಿದ್ದ ಜೈನರ ಧನಶ್ರೀ ಟೀಚರು ತಮ್ಮ ಪೊಮೇರಿಯನ್ ನಾಯಿಗೂ ಹೊತ್ತು ಮುಳುಗುವುದರೊಳಗೆ ಊಟವಾಗಬೇಕೆಂದರು. ಅದಕ್ಕೂ ರಾಜೇಶ್ವರಿ ಒಪ್ಪಿದಳು.

ಅಂಗಳದ ಮಧ್ಯದ ಉದ್ದನೆಯ ಮರದ ಬಾಕಿನ ಮೇಲೆ ನಾಯಿಯಿಲ್ಲದೆ ಕೂರುವ ಹಕ್ಕು ಶಿವಯೋಗೆಪ್ಪನಿಗೆ ಮಾತ್ರ ಇತ್ತು. ಒಂದು ದಿನ ರಾಜೇಶ್ವರಿ ಬಂದು ಎದುರಿಗೆ ನಿಂತಳು.

"ಕಾಕಾ, ಈ ಅಂಗಳಕ್ಕ ಸರ್ದಾರಂದ ಹೆಸರ ಇಡೂಣು ಅಂತ ಮಾಡೇನಿ. ಗೋಡಿ ಮ್ಯಾಲ ಅವಂದ ಚಿತ್ರಾ ಬರಸತೇನಿ. ಐತವಾರ ನಿಮ್ಮ ಕೈಲೆ ಮಾಲಿ ಹಾಕಸೂದು."

"ಅಷ್ಟೆಲ್ಲಾ ಯಾಕವಾ..." ಎಂದ ಶಿವಯೋಗೆಪ್ಪ. ದನಿ ಬೇಡವೆಂದಿತು, ಮುಖ ಮಾತ್ರ ಬೇಕೆಂದಿತು. ರಾಜೇಶ್ವರಿ ಮುಖವನ್ನು ನಂಬಿದಳು.

ಮನೆಗೆ ಬಂದು ಹೇಳಿದಾಗ ಭಾಗವ್ವ ಹಿಟ್ಟು ನಾದುವುದನ್ನು ನಿಲ್ಲಿಸಿದಳು. "ಮಾಲಿ ಧೋತರಕ್ಕ ಹಾಕಸ್ರಿ. ಸರ್ದಾರ ಕಡೀಕ ಅಲ್ಲೇ ಇದ್ದಾ."

ಶುಕ್ರವಾರ ಬೆಳಿಗ್ಗೆ ಚಿತ್ರ ಬರೆಯುವ ಈಶ್ವರ ಬಣ್ಣದ ಡಬ್ಬಿಗಳೊಂದಿಗೆ ಬಂದ. ಶಿವಯೋಗೆಪ್ಪ ಬಾಕಿನ ಮೇಲೆ ಕೂತು, ಸರ್ದಾರನ ಕಿವಿ ಹೀಗಿತ್ತು, ಮೂತಿ ಹಾಗಿತ್ತು ಎಂದು ಗಾಳಿಯಲ್ಲಿ ಬರೆದು ತೋರಿಸುತ್ತಿದ್ದ. ಆಗ ಹಾಲಿನ ಟೆಂಪೋ ಬಂದು ನಿಂತಿತು. ಬೀಳಗಿ ಕಡೆಯ ಹಿನ್ನೀರಿನ ಊರಿಂದ ದಿನಾ ಮೊಸರು ತರುವ ಹಣಮವ್ವ ಗಡಿಗೆ ಹೊತ್ತು ಇಳಿದಳು. ಇಷ್ಟು ದಿನ ಟೆಂಪೋದಲ್ಲೇ ಬಿಡುತ್ತಿದ್ದ ತನ್ನ ನಾಯಿಯನ್ನು ಅಂದು ಹಲಗೆಯ ಧೈರ್ಯದ ಮೇಲೆ ಒಳಗೆ ಕರೆತಂದಿದ್ದಳು.

"ಬಾರೋ ಮೊಸರ್‍ಯಾ, ನಿನಗೂ ಇಲ್ಲೆ ಮರ್ಯಾದಿ ಐತಂತ."

ಮೊಸರ್‍ಯಾ ಅಂಗಳದ ನಡುವೆ ಬಂದು ನಿಂತಿತು. ಮೂಗು ಮೇಲೆತ್ತಿತು. ಆಮೇಲೆ ಅದರ ಇಡೀ ಮೈ, ಮೂತಿಯಿಂದ ಬಾಲದ ತುದಿಯವರೆಗೆ, ನಡುಗತೊಡಗಿತು. ಒಂದೇ ನೆಗೆತಕ್ಕೆ ಬಾಕಿನ ಮೇಲೆ ಏರಿ, ಮುಂಗಾಲೆರಡನ್ನೂ ಶಿವಯೋಗೆಪ್ಪನ ಹೆಗಲ ಮೇಲಿಟ್ಟು, ಕೂಸಿನ ಹಾಗೆ ಕುಂಯ್ಗುಡುತ್ತ, ಗಲ್ಲ, ಕಿವಿ, ಕನ್ನಡಕ ಎಲ್ಲವನ್ನೂ ನೆಕ್ಕತೊಡಗಿತು.

ಶಿವಯೋಗೆಪ್ಪನಿಗೆ ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ. ಕೈ ತಾನಾಗಿ ಮೇಲೆದ್ದು ಅದರ ಕುತ್ತಿಗೆಯ ಮೇಲೆ ಹೋಯಿತು. ಎದುರಿಗೆ ರಾಜೇಶ್ವರಿ, ಈಶ್ವರ, ಧನಶ್ರೀ ಟೀಚರು, ಇನ್ನೂ ಆರೇಳು ಮಂದಿ ನೋಡುತ್ತಿದ್ದರು. ಅದೇ ಕೈ ನಾಯಿಯನ್ನು ಕೆಳಗೆ ನೂಕಿತು.

"ಹಚ್! ಯಾವ ಬೀದಿ ನಾಯಿ ಇದು? ಹಿಡೀರಿ ಯಾರರ!"

ನಾಯಿ ಫರಸಿಯ ಮೇಲೆ ಬಿದ್ದು, ಎದ್ದು, ತಪ್ಪು ತನ್ನದೇ ಎಂಬಂತೆ ಬಾಲ ಒಳಗೆ ಮಾಡಿಕೊಂಡು ಅವನ ಚಪ್ಪಲಿಯ ಪಕ್ಕ ಮಲಗಿತು.

ಹಣಮವ್ವ ಗಡಿಗೆ ಕೆಳಗಿಟ್ಟಳು. ನಾಯಿಯನ್ನು ನೋಡಿದಳು, ಶಿವಯೋಗೆಪ್ಪನನ್ನು ನೋಡಿದಳು. ಹಳ್ಳಿಯ ಹೆಂಗಸಿಗೆ ಇಷ್ಟು ಸಾಕು. ಆದರೂ ಹೇಳಿದ್ದು ಬೇರೆ. "ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ಅದಕ ಬುದ್ಧಿಯಿಲ್ಲ, ಎಲ್ಲಾರ ಮ್ಯಾಲೂ ಹಿಂಗ ಏರತೈತಿ."

ಸುಳ್ಳು. ಅವನ ಮಾನ ಉಳಿಸಲು ಆ ಹೆಂಗಸು ತನ್ನ ನಾಯಿಯ ಮಾನ ಕಳೆದಿದ್ದಳು. ಶಿವಯೋಗೆಪ್ಪನ ಕಿವಿ ಕಾದ ಹಂಚಿನಂತಾದವು.

ಅಷ್ಟರಲ್ಲಿ ಈಶ್ವರ ಚಿಟಿಕೆ ಹೊಡೆದ. "ಕಾಕಾ, ನೀವು ಹೇಳಿದ ಕಿವಿ, ನೀವು ಹೇಳಿದ ಮೂತಿ! ಇದನ್ನ ನೋಡಕೋತ ಸರ್ದಾರನ್ನ ಬರದ ಬಿಡ್ತೇನಿ!"

ಹೀಗೆ ಲೋಕದಲ್ಲಿ ಯಾವ ವೀರನಿಗೂ ಸಿಗದ ಯೋಗ ಸರ್ದಾರನಿಗೆ ಸಿಕ್ಕಿತು. ತನ್ನ ಮರಣೋತ್ತರ ಚಿತ್ರಕ್ಕೆ ತಾನೇ ಬಂದು ನಿಂತ. ಎರಡು ತಾಸು ಅಲ್ಲಾಡಲಿಲ್ಲ, ಏಕೆಂದರೆ ಯಜಮಾನ ಎದುರಿಗೆ ಕೂತಿದ್ದ. ಗೋಡೆಯ ಮೇಲೆ ಅವನ ಎದೆ ಉಬ್ಬಿತು, ಹಲ್ಲು ಹೊಳೆದವು, ಕಾಲ ಕೆಳಗೆ ಎಮ್ಮೆ ಗಾತ್ರದ ಹಂದಿ ಹೊರಳಿತು.

ಶಿವಯೋಗೆಪ್ಪ ಕೈ ತೊಳೆಯಲು ಬಂದಾಗ ನಳದ ಹತ್ತಿರ ಹಣಮವ್ವ ಗಡಿಗೆ ತಿಕ್ಕುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದಳು. "ನಾಕ ವರ್ಷ ಆತ್ರಿ. ಕಬ್ಬಿನ ಲಾರಿಯಿಂದ ಇಳಿಸಿ ಹೋಗಿದ್ರು. ಮೂರ ದಿನ ರಸ್ತೆ ಬಿಟ್ಟ ಏಳಲಿಲ್ಲ. ಬಂದ ಬಂದ ಲಾರಿ ಓಡಿ ಹೋಗಿ ಮೂಸೂದು, ತಿರುಗಿ ಬಂದ ಕೂಡೂದು. ನಾಕನೇ ದಿನ ನಾ ಮೊಸರನ್ನ ಇಟ್ಟೆ."

ಶಿವಯೋಗೆಪ್ಪ ಒದ್ದೆ ಕೈ ಒರೆಸಿಕೊಳ್ಳುವುದನ್ನೂ ಮರೆತು ಮನೆಗೆ ನಡೆದ. ಊಟ ಸೇರಲಿಲ್ಲ. "ಅಂವ ಅದಾನ," ಎಂದ.

ಭಾಗವ್ವನಿಗೆ ಯಾರೆಂದು ಕೇಳುವ ಅಗತ್ಯ ಬೀಳಲಿಲ್ಲ. "ಗುರುತ ಹಿಡದನೇನು?"

"ಹಿಡದಾ."

"ನೀವು?"

ಅವನು ತಾಟು ಸರಿಸಿ ಎದ್ದ. ಅವತ್ತು ಆಕೆ ಒಂದು ಚುಚ್ಚುಮಾತೂ ಆಡಲಿಲ್ಲ. ಅದೇ ಅವನಿಗೆ ಹೆಚ್ಚು ನೋವಾಯಿತು.

ಐತವಾರ ಅಂಗಳ ತುಂಬಿತ್ತು. ನಾಯಿಗಳು ಗೋಡೆಗುಂಟ, ಮನುಷ್ಯರು ಬಾಕಿನ ಮೇಲೆ. ರಾಜೇಶ್ವರಿ ಚಿತ್ರದ ಕೆಳಗೆ ಮಣೆ ಇಟ್ಟು, ಊದುಬತ್ತಿ ಹಚ್ಚಿ, ಚೆಂಡುಹೂವಿನ ದಪ್ಪ ಮಾಲೆಯನ್ನು ಶಿವಯೋಗೆಪ್ಪನ ಕೈಗೆ ಕೊಟ್ಟಳು. "ಸರ್ದಾರನ ಆತ್ಮಕ್ಕ ಶಾಂತಿ ಸಿಗಲಿ," ಎಂದರು ಧನಶ್ರೀ ಟೀಚರು, ಕಣ್ಣು ಮುಚ್ಚಿ.

ಆಗಲೇ ಮೊಸರಿನ ಗಡಿಗೆ ಹೊತ್ತು, ನಾಯಿಯನ್ನು ಕರೆದುಕೊಂಡು ಬಾಗಿಲಲ್ಲಿ ಬಂದು ನಿಂತ ಹಣಮವ್ವನಿಗೆ ಎದುರಿನ ಏರ್ಪಾಡು ಅರ್ಥವಾಯಿತು. ತನ್ನ ನಾಯಿಯ ಚಿತ್ರ ಬರೆಯುತ್ತಾರೆಂದು ಗೊತ್ತಿತ್ತು. ಸತ್ತವರಿಗೆ ಮಾಡುವುದನ್ನೆಲ್ಲ ಅದಕ್ಕೆ ಮಾಡುತ್ತಾರೆಂದು ಗೊತ್ತಿರಲಿಲ್ಲ. ಆಕೆ ಗಡಿಗೆಯನ್ನು ಯಾರದೋ ಕೈಗೆ ತುರುಕಿ ಮುಂದೆ ಬಂದಳು.

"ಬ್ಯಾಡ್ರಿ ಯಪ್ಪಾ! ಜೀವಂತ ಇದ್ದದ್ದರ ಪಟಕ್ಕ ಮಾಲಿ ಹಾಕಬಾರದ್ರಿ. ಆಯುಷ್ಯ ಕಡಿಮಿ ಆಕೈತಿ."

"ಇದ ನಿನ್ನ ನಾಯಿ ಅಲ್ಲಬೇ," ಎಂದಳು ರಾಜೇಶ್ವರಿ ಸಮಾಧಾನವಾಗಿ. "ನೋಡಿ ಬರದದ್ದ ಅಷ್ಟ. ಇಂವ ಸರ್ದಾರ. ಸತ್ತ ಭಾಳ ದಿನ ಆತು."

ಹಣಮವ್ವ ರಾಜೇಶ್ವರಿಯ ಕಡೆ ತಿರುಗಲೂ ಇಲ್ಲ. ಶಿವಯೋಗೆಪ್ಪನ ಮುಖ ನೋಡುತ್ತ ಮೆಲ್ಲಗೆ ಹೇಳಿದಳು. "ಸಾಹೇಬ್ರ, ನಾ ಏನೂ ಹೇಳಿಲ್ಲ, ಹೇಳೂದೂ ಇಲ್ಲ. ಇದೊಂದ ಮಾಡಬ್ಯಾಡ್ರಿ. ನಿಮ್ಮ ಕಾಲಿಗಿ ಬೀಳತೇನಿ."

ಮತ್ತು ಬಾಗಿಯೇಬಿಟ್ಟಳು. ಅರವತ್ತು ದಾಟಿದ ಹೆಂಗಸು, ಇವನು ಬಿಟ್ಟ ನಾಯಿಯನ್ನು ಸಾಕಿದವಳು, ಇವನ ಕಾಲಿಗೆ. ಶಿವಯೋಗೆಪ್ಪ ಎರಡು ಹೆಜ್ಜೆ ಹಿಂದೆ ಜಿಗಿದ. ಮಾಲೆ ಕೈಯಲ್ಲಿ ಕಲ್ಲಿನಷ್ಟು ಭಾರವಾಯಿತು. ಮೂವತ್ತೆರಡು ವರ್ಷ ಎಂಥೆಂಥ ಲಾರಿ ತೂಗಿದವನಿಗೆ ಇಷ್ಟು ಭಾರ ಎಂದೂ ಗೊತ್ತಾಗಿರಲಿಲ್ಲ.

"ಸತ್ತಿಲ್ಲ," ಎಂದ.

"ಏನಂದ್ರಿ ಕಾಕಾ?"

"ಸರ್ದಾರ ಸತ್ತಿಲ್ಲ. ಹಂದೀನೂ ಬಂದಿಲ್ಲ. ಅಲ್ಲಿ ನಿಂತಾನಲಾ, ಅಂವನ ಸರ್ದಾರ. ಮುಂಗಲಿ ನೋಡಿ ಹೆದರಿ ನನ್ನ ಧೋತರದಾಗ ಹೊಕ್ಕಿದ್ದಾ. ಮಂದಿ ನಕ್ಕರು. ಅದಕ ಲಾರಿ ಹತ್ತಿಸಿ ಕಳಿಸಿಬಿಟ್ಟೆ." ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನಾಲಿಗೆ ನಿಲ್ಲಲಿಲ್ಲ. "ಹತ್ತುಮುಂದ ಬಾಲಾ ಆಡಸಾಕತ್ತಿದ್ದಾ. ತಿರುಗ್ಯಾಡಾಕ ಹೊಂಟೇನಂತ ತಿಳದಿದ್ದಾ."

ಹಿಂದಿನ ಬಾಕಿನಿಂದ ಯಾರೋ, "ಧೋತರದಾಗ?" ಎಂದರು. ಅಷ್ಟೇ, ನಗೆಯ ಕಟ್ಟೆ ಒಡೆಯಿತು. ಧನಶ್ರೀ ಟೀಚರು ಸೆರಗು ಬಾಯಿಗೆ ಒತ್ತಿಕೊಂಡರು. ಈಶ್ವರ ಬ್ರಷ್ ಹಿಡಿದು ಮುಂದೆ ಬಂದ. "ಹಂಗಾರ ಹಂದಿ ಅಳಸಲೇನ್ರಿ?"

"ಅಳಸಬ್ಯಾಡೋ," ಎಂದಳು ಭಾಗವ್ವ ಹಿಂದಿನಿಂದ. "ಅದಕ ಒಂದ ಉದ್ದಂದ ಬಾಲಾ ಹಚ್ಚು. ಮುಂಗಲಿ ಆಕೈತಿ. ಇವರ ಕಥಿಯಾಗಿನ ಪ್ರಾಣಿ ದೊಡ್ಡವ ಇರತಾವು."

ನಗದವಳು ರಾಜೇಶ್ವರಿ ಒಬ್ಬಳೇ. ಶಿವಯೋಗೆಪ್ಪನ ಕೈಯಿಂದ ಮಾಲೆ ತೆಗೆದುಕೊಂಡು, "ನಾ ಖರೇನ ಅತ್ತಿದ್ದೆ ಕಾಕಾ," ಎಂದು ಒಳಗೆ ಹೋದಳು. ಅಷ್ಟು ಮಂದಿಯ ನಗೆಯನ್ನು ಹೇಗೋ ತಾಳಿದ್ದವನಿಗೆ ಈ ಒಂದು ಮಾತನ್ನು ತಾಳಲು ಬಾಕಿನ ಆಸರೆ ಬೇಕಾಯಿತು. ಕೂತ. ನಾಯಿ ಬಂದು ಅವನ ಮೊಣಕಾಲಿಗೆ ಗದ್ದ ಇಟ್ಟಿತು. ಈ ಸಲ ಅವನು ನೂಕಲಿಲ್ಲ, ಆದರೆ ಅದರ ಕಣ್ಣು ನೋಡಲು ಆಗದೆ ಗೋಡೆಯ ಮೇಲಿನ ವೀರನನ್ನೇ ನೋಡುತ್ತಿದ್ದ.

ಟೆಂಪೋ ಹಾರ್ನ್ ಹೊಡೆಯಿತು. "ಹಣಮವ್ವಾ," ಎಂದ ಶಿವಯೋಗೆಪ್ಪ, "ಇಂವನ್ನ ನನ್ನ ಹಂತೇಕ ಬಿಟ್ಟ..."

"ಇಲ್ರಿ," ಎಂದಳು ಹಣಮವ್ವ. ಒರಟಾಗಿ ಹೇಳಲಿಲ್ಲ. "ಇಂವ ಈಗ ಮುಂಗಲಿಗೆ ಅಂಜತಾನ, ಬೆಕ್ಕಿಗೆ ಅಂಜತಾನ, ನಮ್ಮ ಹುಂಜಕ್ಕೂ ಅಂಜತಾನ. ನಮ್ಮ ಊರಾಗ ಅದಕ ಯಾರೂ ನಗೂದಿಲ್ರಿ."

ನಾಯಿಯನ್ನು ಕರೆಯಲೂ ಇಲ್ಲ. ಖಾಲಿಯಾದ ಗಡಿಗೆ ಎತ್ತಿಕೊಂಡು ಆಕೆ ನಡೆದಳು, ಅದು ಎದ್ದು ಹಿಂದೆ ಹೋಯಿತು. ಟೆಂಪೋದ ಹಿಂದೆ ಹಾಲಿನ ಕ್ಯಾನುಗಳ ನಡುವೆ ತನ್ನ ಜಾಗದಲ್ಲಿ, ಆಕೆಯ ಪಕ್ಕ ಕೂತಿತು. ಗಾಡಿ ತಿರುವು ದಾಟುವವರೆಗೂ ಶಿವಯೋಗೆಪ್ಪ ನಿಂತು ನೋಡಿದ. ನಾಯಿ ಹಣಮವ್ವನ ಮಡಿಲಲ್ಲಿದ್ದ ಖಾಲಿ ಗಡಿಗೆಯೊಳಗೆ ಮೂತಿ ಹಾಕಿತ್ತು.

ಖಾನಾವಳಿಯೊಳಗೆ ಭಾಗವ್ವ ಇಬ್ಬರಿಗೂ ಊಟಕ್ಕೆ ಹೇಳಿದ್ದಳು. ಅವನು ಹೋಗಿ ಹೆಂಡತಿಯ ಪಕ್ಕ ಕೂತು, ರೊಟ್ಟಿ ಮುರಿದ.

"ನಾಳೆ ಎಷ್ಟೊತ್ತಿಗೆ ಬರತೈತಿ ಆ ಟೆಂಪೋ?" ಎಂದು ಕೇಳಿದಳು ಭಾಗವ್ವ.

"ಎಂಟಕ್ಕ."

"ಹೋಗ್ರಿ ಹಂಗಾರ. ತಗ್ಗಿದ ತಲಿ ತಗ್ಗಿಸಿಕೊಂಡ ಹೋಗ್ರಿ. ಬರಿಗೈಲೆ ಮಾತ್ರ ಹೋಗಬ್ಯಾಡ್ರಿ. ಅಂವಗ ಒಂದ ರೊಟ್ಟಿ ಒಯ್ರಿ."